ಲೇಡೀಸ್ ರೂಮಿನ ಬಾಗಿಲಲ್ಲಿ ಲಾಜಿಕ್

ಢಣ್... ಢಣ್... ಢಣ್ ಢಣ್ ಢಣ್... ಎಂಜಿನ್ನು ಹಿಂದಕ್ಕೆ ಕೊಟ್ಟ ಪೆಟ್ಟು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತ ದಾಟುತ್ತ ಬಂದು, ನಾನು ಕೂತ ಬೆಂಚಿನ ಕೆಳಗೆ ಒಮ್ಮೆ ಅಲುಗಿ ಸುಮ್ಮನಾಗುತ್ತಿತ್ತು. ಈಗಲೂ ಮುಂಜಾನೆಯ ಅರೆನಿದ್ದೆಯಲ್ಲಿ ಆ ಸದ್ದು ನನ್ನ ಮಂಚದ ಕೆಳಗೆ ಬಂದು ನಿಲ್ಲುತ್ತದೆ. ಕಣ್ಣು ಬಿಟ್ಟರೆ ಏನೂ ಇರುವುದಿಲ್ಲ. ಎದುರು ಮನೆಯವರು ಗೇಟು ಎಳೆದಿರುತ್ತಾರೆ, ಅಷ್ಟೆ. ಆದರೂ ಒಂದು ಕ್ಷಣ ಕಾಲು ಚಪ್ಪಲಿ ಹುಡುಕುತ್ತದೆ: ಅಯ್ಯೋ, ಫಸ್ಟ್ ಪೀರಿಯಡ್ ಹೋಯಿತು!

ಯುದ್ಧದ ವರ್ಷಗಳು ಅವು. ನಾನು ಭದ್ರಾವತಿಯಿಂದ ಶಿವಮೊಗ್ಗದ ಇಂಟರ್‌ಮೀಡಿಯಟ್ ಕಾಲೇಜಿಗೆ ದಿನಾ ಟ್ರೈನಿನಲ್ಲಿ ಹೋಗಿಬರುತ್ತಿದ್ದೆ. ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಆಗ ಕಾಡಿನ ಸೌದೆಯ ಇದ್ದಿಲೇ ಆಹಾರ. ಸೌದೆ ತುಂಬಿಕೊಂಡು ಬರಲು ಹೋಗುವ ಖಾಲಿ ವ್ಯಾಗನ್ನುಗಳನ್ನು ಬೆಳಗಿನ ನಮ್ಮ ಟ್ರೈನಿಗೇ ಜೋಡಿಸುತ್ತಿದ್ದರು. ಜೋಡಿಸಿ ಮುಗಿಯುವವರೆಗೆ ಹತ್ತು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ. ಕಿಟಕಿಯ ಹೊರಗೆ ಗದ್ದೆಯ ಮೇಲೆ ಮಂಜು. ಅದರೊಳಗಿಂದ ಕಾರ್ಖಾನೆಯ ಚಿಮಣಿ ಅರ್ಧ ಮಾತ್ರ ಕಾಣುತ್ತಿತ್ತು, ಬುಡವಿಲ್ಲದೆ ತೇಲುವ ಹಾಗೆ. ಯಾವ ವ್ಯಾಗನ್ ಯಾವ ಟ್ರೈನಿಗೆ ಎಂದು ಚೀಟಿ ಬರೆದುಕೊಡುವ ಗುಮಾಸ್ತ ಬೇರೆ ಯಾರೂ ಅಲ್ಲ, ನನ್ನ ಅಪ್ಪ.

ಒಕ್ಕಲುತನದ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲಿಗರು ಅವರು. ಸಾಹೇಬರೊಬ್ಬರ ಮಾತು ಕೇಳಿ ನನ್ನನ್ನು ಏಳನೇ ವಯಸ್ಸಿಗೇ ಮೈಸೂರಿನ ಕಾನ್ವೆಂಟಿಗೆ ಹಾಕಿದ್ದರು. ಬೋರ್ಡಿಂಗಿನಲ್ಲಿ ಬೆಳೆದ ನನಗೆ ಸೂಜಿ ಕೆಲಸ, ಸ್ವಲ್ಪ ಪಿಯಾನೋ, ಬೇಕಾದಷ್ಟು ಇಂಗ್ಲಿಷು, ಇವೆಲ್ಲಾ ಬಂದವು. ಪ್ರಶ್ನೆ ಕೇಳುವ ಚಾಳಿ ಮಾತ್ರ ಹೋಗಲಿಲ್ಲ. ದೇವರು ಎಲ್ಲ ಕಡೆಯೂ ಇದ್ದಾನೆ ಅಂದರೆ ಪಿಯಾನೋದ ಒಳಗೂ ಇದ್ದಾನಾ, ನಾವು ತಪ್ಪು ನುಡಿಸಿದರೆ ಅವನಿಗೆ ಕಿವಿ ನೋಯುತ್ತದಾ ಎಂದು ಒಮ್ಮೆ ಕೇಳಿದೆ. ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡು, "ಮೈ ಚೈಲ್ಡ್, ದೇವರ ಹತ್ತಿರ ಆರ್ಗ್ಯೂ ಮಾಡಬೇಕಾದರೆ ಮೊದಲು ಲಾಜಿಕ್ ಕಲಿತು ಬಾ" ಅಂದರು. ನನ್ನನ್ನು ಸಾಗಹಾಕಲು ಆಡಿದ ಮಾತು ಅದು. ನಾನು ಅದನ್ನು ಯಾರೋ ಬರೆದುಕೊಟ್ಟ ವಿಳಾಸದ ಹಾಗೆ ಜೋಪಾನವಾಗಿ ಇಟ್ಟುಕೊಂಡೆ.

ಕಾನ್ವೆಂಟ್ ಮುಗಿಸಿ, ಈಗ ನ್ಯೂ ಟೌನ್ ಅನ್ನುತ್ತಾರಲ್ಲ, ಆ ಕಡೆಯ ನಮ್ಮ ಕ್ವಾರ್ಟರ್ಸಿಗೆ ವಾಪಸು ಬಂದ ಬೇಸಿಗೆಯಲ್ಲಿ ಅಪ್ಪ ಕಾಲೇಜಿನ ಪ್ರಾಸ್ಪೆಕ್ಟಸ್ ತಂದುಕೊಟ್ಟರು. ಕಥೆಪುಸ್ತಕವನ್ನೂ ನಾನು ಅಷ್ಟು ಆಸೆಯಿಂದ ಓದಿದವಳಲ್ಲ. ಪಾರ್ಟ್ ಒನ್ ಇಂಗ್ಲಿಷ್. ಪಾರ್ಟ್ ಟೂ ಎರಡನೆಯ ಭಾಷೆ. ಪಾರ್ಟ್ ತ್ರೀಯಲ್ಲಿ ಮೂರು ಆಪ್ಷನಲ್ ವಿಷಯ. ಮುಂದೆ ಮೈಸೂರಿಗೆ ಬಿ.ಎ.ಗೆ ಹೋದರೆ ಒಂದು ಮೇಜರ್, ಎರಡು ಮೈನರ್. ಫಿಲಾಸಫಿ ಮೇಜರ್ ಬೇಕು ಅಂದವರು ಇಂಟರಿನಲ್ಲಿ ಲಾಜಿಕ್ ಓದಿರಲೇಬೇಕು. ಪಿಯಾನೋ ಪಾಠದಲ್ಲಿ ಮೇಜರ್ ಅಂದರೆ ಬಿಸಿಲು, ಮೈನರ್ ಅಂದರೆ ಮೋಡ ಎಂದು ನಾನೇ ಒಂದು ಗುರುತು ಮಾಡಿಕೊಂಡಿದ್ದೆ. ಮಧ್ಯಾಹ್ನದ ಸೆಕೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡು ಆ ನಿಯಮಗಳನ್ನು ಓದುತ್ತಿದ್ದರೆ ಬಿಸಿಲು ಮೋಡಗಳ ಒಂದು ಊರೇ ಕಣ್ಣ ಮುಂದೆ ಬರುತ್ತಿತ್ತು.

ಅಪ್ಪನಿಗೆ ಊರು ಗೀರು ಕಾಣಲಿಲ್ಲ. ಅವರು ಕಂಡಿಷನ್ ಹಾಕಿದರು.

"ನೋಡು, ಫಿಲಾಸಫಿ ಮೇಜರ್ ಸಿಕ್ಕರೆ ಮೈಸೂರು. ಮೈನರಿಗೋಸ್ಕರ ಅಷ್ಟು ದೂರ ಕಳಿಸೋಕಾಗಲ್ಲ. ಫೇಲಾದ್ರೂ ಅಷ್ಟೇ. ಚಿತ್ರದುರ್ಗದ ಕಡೆಯವರು ಸಂಬಂಧಕ್ಕೆ ಎರಡು ಸಲ ಹೇಳಿಕಳಿಸಿದಾರೆ."

"ಅವರಿಗೆ ಲಾಜಿಕ್ ಬರುತ್ತಾ ಕೇಳಿ" ಎಂದು ಅಡಿಗೆಮನೆಯಿಂದ ಅಮ್ಮ ಅಂದರು. ಅಮ್ಮ ನನ್ನ ಪರವೋ ಅಪ್ಪನ ಪರವೋ ನನಗೆ ಕಡೆಯವರೆಗೂ ತಿಳಿಯಲಿಲ್ಲ.

ಹೀಗೆ ನನ್ನ ಮೂರು ವಿಷಯಗಳು ಹಿಸ್ಟರಿ, ಎಕನಾಮಿಕ್ಸ್, ಲಾಜಿಕ್ ಆದವು. ಲಾಜಿಕ್ಕಿಗೆ ಸೇರುವವರೇ ಕಡಿಮೆ ಎಂದು ಅದನ್ನು ದಿನದ ಮೊದಲ ಪೀರಿಯಡ್ಡಿಗೆ ತಳ್ಳಿದ್ದರು. ಕ್ಲಾಸಿನಲ್ಲಿ ಹುಡುಗಿಯರೆಂದರೆ ಇಬ್ಬರೇ, ನಾನು ಮತ್ತು ಅಡಿಕೆ ಮಂಡಿಯವರ ಮನೆಯ ಒಬ್ಬಳು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಬಿಗಿಯಾದ ಎರಡು ಜಡೆ, ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ ನಕ್ಕೇಬಿಡುವ ಹುಡುಗಿ. ಲಾಜಿಕ್ ಅವಳಿಗೆ ಬೇಕಾಗಿರಲಿಲ್ಲ.

"ನಂಗೆ ಹಿಸ್ಟರಿ ಒಂದಿದ್ರೆ ಸಾಕು ಮಾರಾಯ್ತಿ. ರಾಜರ ಜಗಳ ಓದೋಕೆ ಚೆನ್ನಾಗಿರುತ್ತೆ, ನಮ್ಮ ದಾಯಾದಿಗಳ ಜಗಳದ ಥರಾನೇ. ಈ ಲಾಜಿಕ್ಕು ಗ್ರೂಪಿನ ಜೊತೆ ಅಂಟಿಕೊಂಡು ಬಂದದ್ದು."

ಕಾಲೇಜಿನಲ್ಲಿ ಹುಡುಗಿಯರಿಗೆ ಒಂದು ಪದ್ಧತಿ ಇತ್ತು. ಇಂದಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಾವು ನಾವಾಗಿಯೇ ಕ್ಲಾಸಿನೊಳಗೆ ಕಾಲಿಡುವ ಹಾಗಿರಲಿಲ್ಲ. ವರಾಂಡದ ಕೊನೆಯಲ್ಲಿ ಲೇಡೀಸ್ ರೂಮು. ಒಂದು ಬೆಂಚು, ಒಂದು ಕನ್ನಡಿ, ಮಣ್ಣಿನ ಹೂಜಿ, ಬಾಗಿಲಿಗೆ ಬಣ್ಣ ಹೋದ ಪರದೆ. ಲೆಕ್ಚರರ್ ಕ್ಲಾಸಿಗೆ ಹೊರಟವರು ಆ ಬಾಗಿಲ ಮುಂದೆ ಬಂದು ಕೆಮ್ಮುತ್ತಿದ್ದರು. ನಾವು ಪುಸ್ತಕ ಎದೆಗೆ ಒತ್ತಿಕೊಂಡು ಅವರ ಹಿಂದೆ ಸಾಲಾಗಿ ನಡೆದು, ಗೋಡೆಯ ಪಕ್ಕದ ನಮ್ಮ ಬೆಂಚಿನಲ್ಲಿ ಕೂರುತ್ತಿದ್ದೆವು. ಪಾಠ ಮುಗಿದ ಮೇಲೆ ಅವರ ಹಿಂದೆಯೇ ವಾಪಸು. ಅವರು ಒಳಗೆ ಹೋದ ಮೇಲೆ ಬಂದ ಹುಡುಗಿಗೆ ಆ ದಿನ ಆ ಪಾಠವಿಲ್ಲ. ಯಾರೂ ಹಾಗೆಂದು ಬರೆದಿಟ್ಟಿರಲಿಲ್ಲ, ಪ್ರಾಸ್ಪೆಕ್ಟಸ್ಸಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಒಮ್ಮೆ ಧೈರ್ಯ ಮಾಡಿದೆ. ಟ್ರೈನು ತಡವಾಗಿ, ಜಟಕಾದವನು "ಜಲ್ದಿ ಹತ್ತಿ ಅಮ್ಮಾ, ಜಲ್ದಿ" ಎಂದು ಕುದುರೆಯನ್ನು ಓಡಿಸಿದರೂ ಹತ್ತು ನಿಮಿಷ ಲೇಟಾಗಿತ್ತು. ಒಬ್ಬಳೇ ಕ್ಲಾಸಿನ ಬಾಗಿಲಿಗೆ ಹೋಗಿ ನಿಂತೆ. "ಮೇ ಐ ಕಮ್ ಇನ್, ಸರ್?" ಕಾನ್ವೆಂಟಿನ ಉಚ್ಚಾರ, ಸ್ಫಟಿಕದ ಹಾಗೆ! ಇಡೀ ಕ್ಲಾಸು ಬೂಟು ಚಪ್ಪಲಿಗಳಿಂದ ನೆಲ ಬಡಿಯತೊಡಗಿತು. ಲೆಕ್ಚರರ್ ಏನೋ ಅಂದರು, ಕೇಳಿಸಲಿಲ್ಲ. ಹಿಂದಿರುಗಿ ಓಡಿದವಳು ಹೂಜಿಯ ಪಕ್ಕ ಕೂತು ಅತ್ತೆ.

ಮೊದಲ ಟರ್ಮು ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಹಾಜರಿ ಕಡಿಮೆ ಇದ್ದವರ ಪಟ್ಟಿ ಬಂತು. ಇದ್ದ ಒಂದೇ ಹುಡುಗಿಯ ಹೆಸರು ನನ್ನದು. ನಾಲ್ಕರಲ್ಲಿ ಮೂರು ಪಾಲು ಹಾಜರಿ ಇಲ್ಲದಿದ್ದರೆ ಲಾಜಿಕ್ ಪರೀಕ್ಷೆಗೆ ಕೂರಿಸುವುದಿಲ್ಲ. ಲಾಜಿಕ್ ಇಲ್ಲದೆ ಮೇಜರ್ ಇಲ್ಲ. ಮೇಜರ್ ಇಲ್ಲದಿದ್ದರೆ ಚಿತ್ರದುರ್ಗ.

ಆ ಸಂಜೆ ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪಾ, ಆ ವ್ಯಾಗನ್ನುಗಳನ್ನ ಮಧ್ಯಾಹ್ನದ ಟ್ರೈನಿಗೆ ಹಾಕಿಸಿದ್ರೆ ಆಗಲ್ವಾ?"

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಏನಂದೆ? ಯುದ್ಧ ನಡೀತಿದೆ ಕಣಮ್ಮ. ನಿನ್ನ ಲಾಜಿಕ್ಕಿಗೋಸ್ಕರ ಫರ್ನೇಸು ಕಾಯುತ್ತಾ?"

"ಹತ್ತು ನಿಮಿಷ ಅಷ್ಟೇ ಅಪ್ಪಾ."

"ನಾನು ಚೀಟಿ ಬರೆಯೋನು, ಟ್ರೈನು ಬಿಡೋನಲ್ಲ." ಲೋಟ ಮತ್ತೆ ಎತ್ತಿಕೊಂಡು, ಮೆಲ್ಲಗೆ, "ನಿನ್ನ ಹಾಜರಿಗೂ ನಾನೇ ಅಡ್ಡ ಆದ್ನಲ್ಲ" ಅಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಮಾರನೆಯ ದಿನ ಲೇಡೀಸ್ ರೂಮಿನಲ್ಲಿ ಟಿಫನ್ ಕ್ಯಾರಿಯರ್ ಬಿಚ್ಚಿ ಕೂತಾಗ ಗೆಳತಿಗೆ ಎಲ್ಲ ಹೇಳಿದೆ. ಅವಳು ಮೊಸರನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು.

"ಸರ್ ಕ್ಲಾಸಿಗೆ ಹೋದ ಮೇಲೆ ತಾನೇ ನೀನು ಲೇಟು?"

"ಹೌದು."

"ಹೋಗ್ದೇ ಇದ್ರೆ?"

"ಹೋಗ್ದೇ ಇರ್ತಾರಾ? ನಿನ್ನ ತಲೆ."

"ಡೌಟು ಕೇಳ್ತೀನಿ ಕಣೇ. ಬಾಗಿಲ ಹತ್ರಾನೇ. ನಮ್ಮಪ್ಪ ಮಂಡಿಗೆ ಬಂದ ಗಿರಾಕೀನ ಮಾತಲ್ಲಿ ಹೇಗೆ ನಿಲ್ಲಿಸಿಕೊಳ್ತಾರೆ ಅಂತ ನೋಡಿದೀಯಾ? ಅದೇ ರಕ್ತ ನಂದೂ. ಆದ್ರೆ ಡೌಟು ನೀನು ಬರ್ಕೊಡು. ನಂಗೆ ಲಾಜಿಕ್ಕಲ್ಲಿ ಡೌಟು ಬರೋಷ್ಟೂ ಬರಲ್ಲ."

ಅಂದಿನಿಂದ ದಿನಾ ಮಧ್ಯಾಹ್ನ ನಾನು ಒಂದು ಡೌಟು ಬರೆಯುತ್ತಿದ್ದೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಡಬ್ಬಿಯ ಅನ್ನದ ಅಗುಳೊಂದನ್ನು ಒತ್ತಿ ಅಂಟಿಸಿ ಕೊಡುತ್ತಿದ್ದೆ. ಕಾನ್ವೆಂಟಿನಲ್ಲಿ ನಮ್ಮ ಕಾಗದಗಳನ್ನು ತೆರೆದೇ ಕೊಡಬೇಕಿತ್ತು, ಸಿಸ್ಟರ್ ಓದಿದ ಮೇಲೆಯೇ ಅಂಚೆಗೆ. ಹಾಗಾಗಿ ಏನನ್ನಾದರೂ ಅಂಟಿಸಿ ಮುಚ್ಚುವುದೆಂದರೆ ನನಗೊಂದು ಲಕ್ಷುರಿ. ಅವಳು ಅದನ್ನು ಹಿಸ್ಟರಿ ಪುಸ್ತಕದೊಳಗೆ ಸೇರಿಸಿಕೊಂಡು ಮನೆಗೆ ಹೋಗುತ್ತಿದ್ದಳು. ರಾತ್ರಿ ಓದಿ ಬಾಯಿಪಾಠ ಮಾಡಿ ಬೆಳಿಗ್ಗೆ ಕೇಳುವುದು, ಇದು ನಮ್ಮ ಒಪ್ಪಂದ.

ನಮ್ಮ ಲಾಜಿಕ್ ಲೆಕ್ಚರರ್ ರುಮಾಲು, ಮುಚ್ಚುಕೋಟು, ಕಚ್ಚೆಪಂಚೆಯವರು. ತುಂಬಾ ಸಾಧು. ಡೌಟು ಎಂಬ ಮಾತು ಕಿವಿಗೆ ಬಿದ್ದರೆ ಹಸಿದವರಿಗೆ ಎಲೆ ಹಾಕಿದ ಹಾಗೆ. ಮೊದಲ ದಿನ ನಾನು ಜಟಕಾ ಇಳಿದು ಓಡುತ್ತಾ ಬಂದರೆ, ವರಾಂಡದ ಕೊನೆಯಲ್ಲಿ ಅವರು ಪರದೆಯ ಮುಂದೆ ನಿಂತು ಕೈಯಾಡಿಸುತ್ತಾ ವಿವರಿಸುತ್ತಿದ್ದರು. ಅವಳು ತಲೆಯಾಡಿಸುತ್ತಾ, ಅವರ ಭುಜದಾಚೆಯಿಂದ ನನಗೆ ಬೇಗ ಬಾ ಎಂದು ಕಣ್ಸನ್ನೆ ಮಾಡಿದಳು. ನಾನು ಹಿಂದೆ ಸೇರಿಕೊಂಡೆ. "ಓ, ನೀನೂ ಇದ್ದೀಯೇನಮ್ಮಾ" ಎಂದು ಅವರು ನಡೆದರು. ಆ ದಿನ ಹಾಜರಿಯ ಪುಸ್ತಕದಲ್ಲಿ ನಾನು ಪ್ರೆಸೆಂಟ್!

ಮಂಜಿನ ಬೆಳಗುಗಳು ಒಂದರ ಹಿಂದೊಂದು ಹೀಗೇ ಸರಿದವು. ಟ್ರೈನಿನಲ್ಲಿ ಆ ಢಣ್ ಢಣ್ ಬಂದರೂ ನನಗೀಗ ಗಾಬರಿಯಿರಲಿಲ್ಲ. ಕಣ್ಣು ಮುಚ್ಚಿ ಕೂತರೆ, ಅಲ್ಲಿ ದೂರದಲ್ಲಿ ಆ ಬಾಗಿಲಲ್ಲಿ ನನ್ನ ಮಾತನ್ನು ಅವಳ ಬಾಯಿ ಆಡುತ್ತಿದೆ ಅನ್ನಿಸಿ, ನಾನು ಎರಡು ಕಡೆ ಒಟ್ಟಿಗೇ ಇದ್ದೇನೆ ಅನ್ನುವಂಥ ಒಂದು ಸುಖದ ಮಂಪರು.

ಒಂದು ದಿನ ಸರ್ ಕ್ಲಾಸಿನೊಳಗೆ ಬಂದವರೇ ರುಮಾಲು ಸರಿಮಾಡಿಕೊಂಡು ಹೇಳಿದರು: "ಇವತ್ತು ಬಾಗಿಲಲ್ಲೊಂದು ಒಳ್ಳೆ ಡೌಟು ಬಂತು. ಮಂಡಿಯವರು ಚೀಲಕ್ಕೆ ಕೈಹಾಕಿ ಒಂದು ಹಿಡಿ ಅಡಿಕೆ ತೆಗೆದು ನೋಡಿ, ಇಡೀ ಚೀಲ ಹೀಗೇ ಅಂತಾರೆ. ಕೆಳಗೆ ಏನಿದೆ ಅಂತ ಕಂಡವರಾರು? ಹಾಗಾದ್ರೆ ಅವರು ತಪ್ಪಾ? ತಪ್ಪಾದ್ರೆ ವ್ಯಾಪಾರ ಹೇಗೆ ನಡೀತಿದೆ?" ಆ ಇಡೀ ಪೀರಿಯಡ್ಡು ಪುಸ್ತಕ ಮುಚ್ಚಿಯೇ ಇತ್ತು. ಹುಡುಗರೂ ಕಾಲು ಬಡಿಯುವುದನ್ನು ಮರೆತರು.

"ಅದು ನನ್ನ ಚೀಟೀಲಿ ಇರಲಿಲ್ವಲ್ಲೇ" ಎಂದೆ ಆಮೇಲೆ.

"ಚೀಟಿ ಮನೇಲಿ ಮರೆತು ಬಂದೆ ಮಾರಾಯ್ತಿ. ಬಾಯಿಗೆ ಬಂದಿದ್ದು ಕೇಳಿದೆ." ಅವಳ ಮುಖ ಕೆಂಪಾಗಿತ್ತು.

ಆಮೇಲೂ ನಾನು ಚೀಟಿ ಬರೆದು ಅಂಟಿಸಿ ಕೊಡುತ್ತಲೇ ಇದ್ದೆ, ಅವಳು ಇಸಿದುಕೊಳ್ಳುತ್ತಲೇ ಇದ್ದಳು. ನಾನು ತಲುಪುವ ಹೊತ್ತಿಗೆ ಯಾವತ್ತೂ ಡೌಟು ಮುಗಿದು ಉತ್ತರದ ಬಾಲ ಮಾತ್ರ ಉಳಿದಿರುತ್ತಿತ್ತು. ಕೆಲವು ಸಲ ಆ ಉತ್ತರಕ್ಕೂ ನಾನು ಬರೆದದ್ದಕ್ಕೂ ಸಂಬಂಧವೇ ಕಾಣುತ್ತಿರಲಿಲ್ಲ. ಸರ್ ಎಲ್ಲೆಲ್ಲಿಗೋ ಹೋಗಿಬಿಡುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು, ಐ ಮಸ್ಟ್ ಕನ್ಫೆಸ್.

ಹಾಜರಿ ತುಂಬಿತು. ಎರಡನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಸರ್ ನಮ್ಮಿಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿದರು. ಮೇಜಿನ ಮೇಲೆ ಬಿಳಿ ಕಾಗದ, ಮಸಿ ಕುಡಿಕೆ.

"ಫಿಲಾಸಫಿ ಮೇಜರಿಗೆ ಮೈಸೂರಲ್ಲಿ ಜಾಗ ಕಡಿಮೆ. ಹುಡುಗೀರು ಅಂದ್ರೆ ಇನ್ನೂ ಯೋಚನೆ ಮಾಡ್ತಾರೆ. ನನ್ನ ಗುರುಗಳು ಅಲ್ಲಿದಾರೆ, ನಾನು ಬರೆದ್ರೆ ತಗೋತಾರೆ. ಆದ್ರೆ ಇಬ್ಬರಿಗೂ ಬರೆದ್ರೆ ಎರಡು ಕಾಗದಕ್ಕೂ ತೂಕ ಇರಲ್ಲ." ನನ್ನ ಗೆಳತಿಯ ಕಡೆ ತಿರುಗಿದರು. "ನಿನ್ನ ಹೆಸರು ಬರೀತೀನಮ್ಮಾ. ಒಂದೂವರೆ ವರ್ಷ ದಿನಾ ಬೆಳಿಗ್ಗೆ ನನ್ನ ನಿಲ್ಲಿಸಿ ಕೇಳಿದೀಯ. ಇವಳು ಬುದ್ಧಿವಂತೆ, ಆದ್ರೆ ಬಾಯೇ ಬಿಡಲ್ಲ. ಇವಳಿಗೆ ಮೈನರ್ ಸಿಗುತ್ತೆ."

ಕಿಟಕಿಯ ಆಚೆ ಯಾರೋ ಗಂಟೆ ಹೊಡೆಯುತ್ತಿದ್ದರು. ಅದು ಬಹಳ ದೂರದಿಂದ, ನೀರಿನ ಅಡಿಯಿಂದ ಬಂದ ಹಾಗೆ ಕೇಳಿಸಿತು. ಮೈನರ್. ಚಿತ್ರದುರ್ಗ. ನನ್ನ ಡೌಟುಗಳು, ನಾನು ಬರೆದದ್ದು, ನನ್ನವು ಎಂದು ಒಳಗೆ ಕೂಗುತ್ತಿತ್ತು. ಬಾಯಿ ಮಾತ್ರ ಆಗಲೂ ಬಿಡಲಿಲ್ಲ.

ಅವಳು ಬಾಯಿ ಬಿಟ್ಟಳು. "ಸರ್, ತಪ್ಪು ತಿಳ್ಕೋಬೇಡಿ. ಆ ಡೌಟೆಲ್ಲಾ ಇವಳದ್ದು. ಚೀಟಿ ಬರ್ಕೊಡ್ತಿದ್ದಳು, ನಾನು ಒಪ್ಪಿಸ್ತಿದ್ದೆ. ಇವಳ ಟ್ರೈನು ಲೇಟು ಸರ್, ನಿಮ್ಮನ್ನ ನಿಲ್ಲಿಸೋಕೆ ಮಾಡಿದ ಉಪಾಯ."

ಸರ್ ಬೆರಗಾಗಿ ನನ್ನನ್ನು ನೋಡಿದರು. "ಹೌದೇನಮ್ಮಾ?"

ನಾನು ತಲೆಯಾಡಿಸಿದೆ.

"ಅಡಿಕೆ ಚೀಲದ್ದೂನಾ?"

ನಾನು ಏನನ್ನುತ್ತಿದ್ದೆನೋ. ಅವಳೇ ನಕ್ಕುಬಿಟ್ಟಳು. "ಅದೊಂದು ನಂದು ಸರ್. ಮಂಡಿ ಮನೆ ಹುಡುಗಿಗೆ ಅಷ್ಟೂ ಗೊತ್ತಿರಲ್ವಾ?"

ಸರ್ ಕೂಡ ನಕ್ಕರು, ಲೇಖನಿ ಅದ್ದಿಕೊಂಡರು. ನನ್ನ ಹೆಸರು ಬರೆದರು.

ಹೊರಗೆ ಬಂದ ಮೇಲೆ ಅವಳ ಕೈ ಹಿಡಿದುಕೊಂಡೆ. "ನಿಂಗೆ ಬೇಡವಾಗಿತ್ತಾ?" ಅಂದೆ.

"ಬೇಕಿದ್ರೂ ನಮ್ಮನೇಲಿ ಕಳಿಸಲ್ಲ ಬಿಡು. ಚಿತ್ರದುರ್ಗಕ್ಕೆ ಹೋಗಿ ನೀನೇನು ಮಾಡ್ತೀಯ, ಕೋಟೆ ಕಾಯ್ತೀಯಾ?"

ಫಲಿತಾಂಶ ಬಂದು, ಟಿ.ಸಿ. ಇಸಿದುಕೊಳ್ಳಲು ನಾನು ಕಡೆಯ ಸಲ ಶಿವಮೊಗ್ಗಕ್ಕೆ ಹೋದ ದಿನ ಸಂಜೆ ಅವಳು ಸ್ಟೇಷನ್ನಿಗೆ ಬಂದಳು. ಗೂಡ್ಸ್ ಷೆಡ್ಡಿನಲ್ಲಿ ಚೀಲ ಬುಕ್ ಮಾಡಲು ಬಂದಿದ್ದ ಅವಳ ಅಪ್ಪನೂ ಜೊತೆಗಿದ್ದರು. ಜರಿ ರುಮಾಲಿನ ದೊಡ್ಡ ಆಳು. ನನ್ನ ಕಿಟಕಿಯ ಹತ್ತಿರ ಬಂದು ಅವರು ಗಂಭೀರವಾಗಿ ಹೇಳಿದರು:

"ಚೆನ್ನಾಗಿ ಓದಮ್ಮಾ. ನಿಮ್ಮ ಲಾಜಿಕ್ ಮೇಷ್ಟ್ರು ಪರೀಕ್ಷೆಗೆ ಮೊದಲೇ ನಮ್ಮ ಮಂಡೀವರೆಗೂ ಬಂದು ಹೇಳಿದ್ರು, ಇವಳನ್ನ ಕಳಿಸಿ ಅಂತ. ನಾನೂ ಮನಸ್ಸು ಮಾಡಿದ್ದೆ. ಆಮೇಲೆ ಇವಳೇ ಒಲ್ಲೆ ಅಂದ್ಬಿಟ್ಟಳು. ಹುಡುಗೀರ ಮನಸ್ಸು ಯಾರಿಗೆ ಗೊತ್ತು."

ಅವಳು ಪ್ಲಾಟ್‌ಫಾರ್ಮಿನ ಆ ತುದಿಯನ್ನು ನೋಡುತ್ತಿದ್ದಳು. ಅಪ್ಪ ನಾಲ್ಕು ಹೆಜ್ಜೆ ಸರಿದು ಯಾರೊಂದಿಗೋ ಮಾತಿಗೆ ನಿಂತಾಗ, ಕರವಸ್ತ್ರದಲ್ಲಿ ಕಟ್ಟಿದ, ಉಬ್ಬಿದ ಒಂದು ಗಂಟನ್ನು ಕಿಟಕಿಯೊಳಗೆ ಹಾಕಿದಳು. "ಭದ್ರಾವತಿ ಬರೋವರೆಗೂ ಬಿಚ್ಚಬೇಡ."

ನಾನು ಆಗಲೇ ಬಿಚ್ಚಿದೆ. ನನ್ನ ಚೀಟಿಗಳು. ಮೇಲಿನ ಹತ್ತಿಪ್ಪತ್ತು ತೆರೆದು, ಮಡಿಕೆಯಲ್ಲಿ ಸವೆದಿದ್ದವು. ಅವುಗಳ ಕೆಳಗಿನವೆಲ್ಲಾ ನಾನು ಕೊಟ್ಟ ಹಾಗೇ ಇದ್ದವು. ನಾಲ್ಕು ಮಡಿಕೆ. ಒಣಗಿ ಗಾಜಿನ ಹಾಗಾಗಿದ್ದ ಅನ್ನದ ಅಗುಳು. ಒಂದರ ಅಂಟೂ ಬಿಟ್ಟಿರಲಿಲ್ಲ.

"ಇವನ್ನ ನೀನು ಓದೇ ಇಲ್ವಾ?"

"ಓದಿದ್ರೆ ನಿನ್ನದು ಕೇಳಬೇಕಾಗ್ತಿತ್ತು ಮಾರಾಯ್ತಿ" ಎಂದಳು. ನಗಲು ನೋಡಿದಳು. "ನಂದೇ ಬೇಕಾದಷ್ಟಿದ್ವು."

ಇಳಿಯಬಹುದಿತ್ತು. ಸೌದೆ ತುಂಬಿದ ವ್ಯಾಗನ್ನುಗಳನ್ನು ನಮ್ಮ ಟ್ರೈನಿಗೆ ಇನ್ನೂ ಜೋಡಿಸುತ್ತಲೇ ಇದ್ದರು, ಸಮಯವಿತ್ತು. ಇಳಿದು, ಅವಳನ್ನು ಎಳೆದುಕೊಂಡು ಸರ್ ಮನೆಗೆ ಹೋಗಿ, ನಾನು ತಲೆಯಾಡಿಸಿದ್ದು ಸುಳ್ಳು ಎಂದು ಹೇಳಬಹುದಿತ್ತು. ಇಳಿಯುತ್ತೇನೆ ಎಂದು ಬಾಗಿಲ ಕಡೆ ಒಂದು ಸಲ ನೋಡಿದೆ ಕೂಡ. ಮಡಿಲ ತುಂಬ ಚೀಟಿ. ಅವು ಚೆಲ್ಲಿಹೋಗುತ್ತವೆ ಎಂಬ ನೆಪವೊಂದು ಸಾಕಾಯಿತು ನನಗೆ. ಅಷ್ಟರಲ್ಲಿ ಆ ಪೆಟ್ಟು ದೂರದಿಂದ ಹೊರಟು ವ್ಯಾಗನ್ ವ್ಯಾಗನ್ ದಾಟುತ್ತ ಬಂದು ನನ್ನ ಬೆಂಚನ್ನು ಅಲುಗಿಸಿತು. ಪ್ಲಾಟ್‌ಫಾರ್ಮು ಮೆಲ್ಲಗೆ ಹಿಂದಕ್ಕೆ ಸರಿಯಿತು.

ಮೈಸೂರಿನಲ್ಲಿ ನನಗೆ ಮೇಜರ್ ಸಿಕ್ಕಿತು. ಮರುವರ್ಷ ಅವಳ ಮದುವೆ ದೂರದ ಊರಿಗೆ ಆಯಿತೆಂದು ಪರೀಕ್ಷೆಯ ಮಧ್ಯೆ ಕಾಗದದಲ್ಲಿ ತಿಳಿಯಿತು. ನಾನು ಬರೆದೆ, ಉತ್ತರ ಬರಲಿಲ್ಲ. ಮತ್ತೆ ಅವಳನ್ನು ನೋಡಿಲ್ಲ.

ಆ ಸಂಜೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದ್ದೇ ಕೊನೆ. ಅವಳ ಅಪ್ಪ ಹೊರಡುವ ಅವಸರದಲ್ಲಿ, ಸ್ಟೇಷನ್ನಿನ ಹೊರಗೆ ನಿಂತ ತಮ್ಮ ಗಾಡಿಯ ಕಡೆ ತಿರುಗಿದ್ದರು. ಅವಳು ಅವರ ಕೋಟಿನ ತೋಳು ಹಿಡಿದು ಏನನ್ನೋ ಕೇಳಿದಳು. ಅವರು ನಿಂತು, ಬಾಗಿ, ಕೈಯಾಡಿಸುತ್ತಾ ಉತ್ತರ ಹೇಳತೊಡಗಿದರು. ಅವಳು ತಲೆಯಾಡಿಸುತ್ತಾ, ಅವರ ಭುಜದಾಚೆಯಿಂದ ನನ್ನ ಟ್ರೈನನ್ನೇ ನೋಡುತ್ತಾ, ಅದು ತಿರುವು ದಾಟುವವರೆಗೂ ಅವರನ್ನು ಹಾಗೆಯೇ ನಿಲ್ಲಿಸಿಕೊಂಡಿದ್ದಳು.